ಜರ್ಮನಿಯ ಊರೂರ ಅಡುಗೆ ಪುಟ್ಟ ತಟ್ಟೆಗಳಲ್ಲಿ: ಬರ್ಲಿನ್‌ಗೆ ಹೋಗುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಜರ್ಮನ್ ಊಟ ಎಂದರೆ ಒಂದು ದೊಡ್ಡ ತಟ್ಟೆ ತುಂಬ ಮಾಂಸ ಅಲ್ಲವೆ? ಬರ್ಲಿನ್ನಿನ ಹೋಟೆಲುಗಳಲ್ಲಿ ಈಗ ಹಂಚಿ ತಿನ್ನಲು ಕೊಡುವ ಈ ಪುಟ್ಟ ತಟ್ಟೆಗಳು ಎಲ್ಲಿಂದ ಬಂದವು?

ಹೊರಗಿನವರ ಕಣ್ಣಿಗೆ ಬಿದ್ದದ್ದು ದೊಡ್ಡ ತಟ್ಟೆ: ಹಂದಿಯ ಮೊಣಕಾಲು, ಪಕ್ಕದಲ್ಲಿ ಆಲೂಗಡ್ಡೆಯ ಅಥವಾ ಬ್ರೆಡ್ಡಿನ ಮುಷ್ಟಿಗಾತ್ರದ ಕ್ನ್ಯೋಡೆಲ್ ಉಂಡೆ, ಜೊತೆಗೊಂದು ಲೀಟರ್ ಬಿಯರ್. ಮನೆಗಳಲ್ಲಿ ಹಾಗಿಲ್ಲ. ಅಲ್ಲಿ ರಾತ್ರಿಯ ಊಟಕ್ಕೆ ‘ಆಬೆಂಡ್‌ಬ್ರೋಟ್’ ಎನ್ನುತ್ತಾರೆ. ಮರದ ಹಲಗೆಯ ಮೇಲೆ ಬ್ರೆಡ್ಡು, ಎರಡು ಮೂರು ಬಗೆಯ ಚೀಸ್, ಉಪ್ಪಿನಲ್ಲಿ ಹುದುಗಿಸಿದ ಸೌತೆಕಾಯಿ, ಸಾಸಿವೆ. ಬವೇರಿಯಾದವರ ಬ್ರೋಟ್‌ಟ್ಸೈಟ್, ಸ್ಟಟ್‌ಗಾರ್ಟ್ ಸುತ್ತಿನ ಶ್ವಾಬೆನ್ ಸೀಮೆಯವರ ಫೆಸ್ಪರ್ ಎರಡೂ ಹೀಗೆ ಸ್ವಲ್ಪ ಸ್ವಲ್ಪ ತಿನ್ನುವ ಊಟಗಳೇ.

ಬರ್ಲಿನ್ನಿನ ಹಳೆಯ ಬಿಯರ್ ಅಂಗಡಿಗಳಲ್ಲಿ ಕೌಂಟರಿನ ಮೇಲೆ ಒಂದು ಗಾಜಿನ ಕಪಾಟು ಇರುತ್ತಿತ್ತು. ಹೆಸರು ‘ಹುಂಗರ್‌ಟುರ್ಮ್’, ಅಂದರೆ ಹಸಿವಿನ ಗೋಪುರ. ಒಳಗೆ ಖೀಮಾ ಉಂಡೆಗಳಾದ ಬುಲೆಟ್ಟೆ, ಉಪ್ಪುನೀರಿನ ಮೊಟ್ಟೆ, ಸುರುಳಿ ಸುತ್ತಿದ ಹೆರಿಂಗ್ ಮೀನು. 1892ರಲ್ಲಿ ಶುರುವಾದ ಆಶಿಂಗರ್ ಅಂಗಡಿಗಳಲ್ಲಿ ಜನ ನಿಂತುಕೊಂಡೇ ಬಟಾಣಿ ಸೂಪು ಕುಡಿದು ಹೋಗುತ್ತಿದ್ದರು. ಹಾಗಾಗಿ ಈಗಿನ ಹೋಟೆಲುಗಳು ‘ಜರ್ಮನ್ ತಪಾಸ್’ ಎಂದು ಬರೆದರೆ, ಪುಟ್ಟ ತಟ್ಟೆಯ ತಿಂಡಿಗೆ ಸ್ಪೇನಿನವರು ಇಟ್ಟ ಆ ಹೆಸರು ಮಾತ್ರ ಅಲ್ಲಿನದು.

‘ಪ್ರಾದೇಶಿಕ’ ಎಂದು ಮೆನುವಿನಲ್ಲಿದೆ. ಯಾವ ಪ್ರದೇಶ?

ಇದನ್ನು ಮೊದಲೇ ಕೇಳಿಕೊಳ್ಳಿ. ಜರ್ಮನಿಯಲ್ಲಿ ‘ರೆಗಿಯೊನಾಲ್’ ಎಂಬ ಮಾತಿಗೆ ಎರಡು ಅರ್ಥ ಓಡುತ್ತಿವೆ.

ಒಂದು, ಅಡುಗೆ ಆ ಪ್ರದೇಶದ್ದು ಎಂದು. ಇಂಥ ಕಡೆ ಶ್ವಾಬೆನ್ನಿನ ಮೌಲ್‌ಟಾಶನ್ ಕಡುಬು, ಹೆಸ್ಸೆನ್ನಿನ ಹಾಂಡ್‌ಕೇಸೆ ಚೀಸ್, ಉಪ್ಪು ಹಾಕಿದ ಮಾಂಸವನ್ನು ಆಲೂಗಡ್ಡೆಯ ಜೊತೆ ಹಿಸುಕಿದ ಹ್ಯಾಂಬರ್ಗಿನ ಲಾಪ್ಸ್‌ಕೌಸ್ ಒಂದೇ ಮೇಜಿಗೆ ಬರುತ್ತವೆ. ಇನ್ನೊಂದು, ಸಾಮಾನು ಹತ್ತಿರದ ಹೊಲದ್ದು ಎಂದು. ಬರ್ಲಿನ್ನಿನಲ್ಲಿ ಹಾಗೆಂದರೆ ಸುತ್ತಲಿನ ಬ್ರಾಂಡೆನ್‌ಬರ್ಗ್ ರಾಜ್ಯ: ಟೆಲ್ಟೋವ್‌ನ ಪುಟ್ಟ ಟರ್ನಿಪ್ ಗೆಡ್ಡೆ, ಶ್ಪ್ರೀವಾಲ್ಡಿನ ಸೌತೆಕಾಯಿ, ಕೆರೆಯ ಮೀನು. 2015ರಲ್ಲಿ ತೆರೆದ ನೋಬೆಲ್‌ಹಾರ್ಟ್ ಉಂಡ್ ಶ್ಮುಟ್ಸಿಗ್ ಎಂಬ ಬರ್ಲಿನ್ ಹೋಟೆಲು ಈ ಎರಡನೇ ದಾರಿಯನ್ನು ಕಟ್ಟುನಿಟ್ಟಾಗಿ ಹಿಡಿದು ಹೆಸರಾಯಿತು. ಕರಿಮೆಣಸು, ನಿಂಬೆ, ಆಲಿವ್ ಎಣ್ಣೆ ಸುತ್ತಮುತ್ತ ಬೆಳೆಯುವುದಿಲ್ಲ ಎಂದು ಅವನ್ನು ಅಡುಗೆಮನೆಯಿಂದಲೇ ಹೊರಗಿಟ್ಟಿತು. ಅದು ಗೊತ್ತುಮಾಡಿದ ಊಟ ಬಡಿಸುವ ಜಾಗ, ಹಂಚಿ ತಿನ್ನುವ ಜಾಗವಲ್ಲ. ಆದರೆ ಅದರ ನೆರಳು ಆಮೇಲಿನ ಹಲವು ಅಡುಗೆಮನೆಗಳ ಮೇಲೆ ಬಿದ್ದಿದೆ.

ಊರೂರ ಹಳೆಯ ಅಡುಗೆ ಬೇಕೆಂದು ಹೋದವರ ಮುಂದೆ ಹುದುಗಿಸಿದ ಬೀಟ್‌ರೂಟ್ ಬಂದರೆ ಬೇಜಾರಾಗುತ್ತದೆ. ಮೆನುವಿನಲ್ಲಿ ತಿಂಡಿಯ ಹೆಸರು ದೊಡ್ಡದಾಗಿದ್ದರೆ ಮೊದಲ ಬಗೆ. ಬರೀ ‘ಕ್ಯಾರೆಟ್, ಮಜ್ಜಿಗೆ, ಸಬ್ಬಸಿಗೆ’ ಎಂದು ಸಾಮಾನಿನ ಪಟ್ಟಿ ಇದ್ದರೆ ಎರಡನೆಯದು. ಈ ಪುಟ ಮೊದಲ ಬಗೆಯದರ ಬಗ್ಗೆ.

ಜಾಗ ಚೆನ್ನಾಗಿದೆಯೋ ಇಲ್ಲವೋ ಎಂದು ಮೆನು ನೋಡಿಯೇ ತಿಳಿಯಬಹುದೆ?

ಬಹುಮಟ್ಟಿಗೆ ತಿಳಿಯಬಹುದು. ಹುಟ್ಟಿನಿಂದಲೇ ಚಿಕ್ಕದಾಗಿದ್ದ ತಿಂಡಿಗಳು ಎಷ್ಟಿವೆ, ದೊಡ್ಡದನ್ನು ಕತ್ತರಿಸಿ ಚಿಕ್ಕದು ಮಾಡಿದ್ದು ಎಷ್ಟು ಎಂದು ಎಣಿಸಿ. ಮೊದಲನೆಯವು ಹೆಚ್ಚಿದ್ದರೆ ಒಳಗೆ ಹೋಗಿ ಕೂರಿ.

ನ್ಯೂರೆಂಬರ್ಗಿನ ಸಾಸೇಜನ್ನೇ ತೆಗೆದುಕೊಳ್ಳಿ. ಉದ್ದ 7ರಿಂದ 9 ಸೆಂಟಿಮೀಟರ್, ತೂಕ 20ರಿಂದ 25 ಗ್ರಾಂ. ಇದು ಐರೋಪ್ಯ ಒಕ್ಕೂಟದ ಭೌಗೋಳಿಕ ಮಾನ್ಯತೆಯ ನಿಯಮದಲ್ಲೇ ಇದೆ. ಆ ಊರಿನಲ್ಲಿ ಮೂರನ್ನು ಒಂದು ಬನ್ನಿಗೆ ತುರುಕಿ ಬೀದಿಯಲ್ಲಿ ಮಾರುತ್ತಾರೆ. ಅಂಥದ್ದನ್ನು ಪುಟ್ಟ ತಟ್ಟೆಗೆ ತರಲು ಏನನ್ನೂ ಬದಲಿಸಬೇಕಾಗಿಲ್ಲ. ಚೀಸ್ ಹಿಸುಕಿ ಮಾಡುವ ಬವೇರಿಯಾದ ಒಬಾಟ್ಸ್‌ಡಾ, ಆಲೂಗಡ್ಡೆ ತುರಿದು ಕರಿದ ರೈಬೆಕೂಖನ್ ಎಲ್ಲ ಇದೇ ಜಾತಿ.

ಹಂದಿ ಮೊಣಕಾಲಿನ ಕಥೆ ಬೇರೆ. ಅದರ ಸೊಗಸೆಲ್ಲ ಗರಿಗರಿ ಚರ್ಮದಲ್ಲಿದೆ. ಹೋಳು ಮಾಡಿ ಸಾರಿನ ಮೇಲಿಟ್ಟರೆ ಹಬೆಗೆ ಚರ್ಮ ಐದೇ ನಿಮಿಷದಲ್ಲಿ ಚಕ್ಕಳವಾಗುತ್ತದೆ. ಕ್ನ್ಯೋಡೆಲ್ಲನ್ನು ಕಾಲು ಭಾಗ ಮಾಡಿ ಇಟ್ಟರೆ ತಣ್ಣಗಾಗಿ ಗಟ್ಟಿಯಾಗುತ್ತದೆ. ಹೀಗಾಗಿ ಪುಟ್ಟ ತಟ್ಟೆಯಲ್ಲಿ ಇವೆರಡನ್ನೂ ಕೇಳಬೇಡಿ, ಬೇಕಾದರೆ ಇಡಿಯಾಗಿ ಕೊಡುವ ಕಡೆ ತಿನ್ನಿ.

ಅಡುಗೆಮನೆಯ ಕೈಗುಣ ನೋಡಲು ಶ್ವಾಬೆನ್ ಆಲೂಗಡ್ಡೆ ಸಲಾಡ್ ತರಿಸಿ. ಬೆಂದ ಆಲೂಗಡ್ಡೆ ಇನ್ನೂ ಬಿಸಿ ಇರುವಾಗಲೇ ತೆಳ್ಳಗೆ ಹೆಚ್ಚಿ, ಅದರ ಮೇಲೆ ಬಿಸಿ ಸಾರು ಮತ್ತು ವಿನೆಗರ್ ಹೊಯ್ದು, ಅದು ಹೀರಿಕೊಂಡ ಮೇಲೆ ಎಣ್ಣೆ ಹಾಕಬೇಕು. ಎಣ್ಣೆ ಮೊದಲು ಬಿದ್ದರೆ ಹೋಳಿನ ಸುತ್ತ ಪದರ ಕಟ್ಟಿ ಸಾರು ಒಳಗೆ ಇಳಿಯುವುದಿಲ್ಲ. ತಟ್ಟೆಯ ತಳದಲ್ಲಿ ನೀರು, ಮೇಲೆ ಒಣ ಆಲೂಗಡ್ಡೆ. ಸರಿಯಾದದ್ದು ಉಗುರು ಬೆಚ್ಚಗಿದ್ದು, ಚಮಚ ತಿರುಗಿಸಿದರೆ ಲೊಳಲೊಳ ಜಾರುತ್ತದೆ. ಫ್ರಿಜ್ಜಿನಿಂದ ತೆಗೆದು ನೇರವಾಗಿ ತಂದಿಟ್ಟರೆ ಉಳಿದ ತಟ್ಟೆಗಳ ಮೇಲೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ.

ಇಬ್ಬರಿಗೆ ಎಷ್ಟು ತಟ್ಟೆ ಹೇಳಬೇಕು?

ಐದು. ನಾಲ್ವರಿದ್ದರೆ ಎಂಟು ಒಂಬತ್ತು. ಆಲೂಗಡ್ಡೆ, ಹಿಟ್ಟು, ಚೀಸ್ ಮೂರೂ ಹೊಟ್ಟೆ ತುಂಬಿಸುವಂಥವು. ಸ್ಪೇನಿನ ತಪಾಸ್ ಲೆಕ್ಕದಲ್ಲಿ ಏಳೆಂಟು ತರಿಸಿದರೆ ಅರ್ಧ ಉಳಿಯುತ್ತದೆ. ಐದರಲ್ಲಿ ಎರಡು ತಣ್ಣನೆಯವು, ಒಂದು ಹುಳಿಯದು, ಎರಡು ಬಿಸಿಯವು ಇರಲಿ. ಹುಳಿಯನ್ನು ಬಿಡಬೇಡಿ. ಬೆಣ್ಣೆ, ಚೀಸ್‌ಗಳ ನಡುವೆ ಸೌರ್‌ಕ್ರೌಟ್ ಎಂಬ ಹುದುಗಿಸಿದ ಎಲೆಕೋಸು ಅಥವಾ ಸೌತೆಕಾಯಿ ಇಲ್ಲದಿದ್ದರೆ ಮೂರನೇ ತಟ್ಟೆಗೇ ನಾಲಿಗೆ ದಣಿಯುತ್ತದೆ. ನಮ್ಮ ಊಟದ ಎಲೆಯಲ್ಲಿ ಉಪ್ಪಿನಕಾಯಿ ಮಾಡುವ ಕೆಲಸ ಅದು.

ಎಲ್ಲವನ್ನೂ ಒಟ್ಟಿಗೆ ಹೇಳಿದರೆ ಒಟ್ಟಿಗೇ ತಂದಿಡುವ ಜಾಗಗಳಿವೆ, ಆಗ ಬಿಸಿಯವು ಆರುತ್ತವೆ. ‘ಬಿಟ್ಟೆ ನಾಖ್‌ಐನಾಂಡರ್’ ಎನ್ನಿ, ಒಂದಾದ ಮೇಲೊಂದು ಎಂದರ್ಥ. ‘ತ್ಸುಮ್ ಟೈಲೆನ್’ ಎಂದರೆ ಹಂಚಿಕೊಳ್ಳಲು. ಖಾಲಿ ತಟ್ಟೆಗಳನ್ನು ತಂದುಕೊಡುತ್ತಾರೆ.

ಮೊದಲ ಸಲ ಹೋಗುವವರು ಏನೇನು ತರಿಸಬೇಕು?

ಒಂದೊಂದು ಸೀಮೆಯಿಂದ ಒಂದೊಂದು ಆರಿಸಿಕೊಂಡರೆ ಮೇಜೇ ನಕ್ಷೆಯಾಗುತ್ತದೆ.

ಶ್ವಾಬೆನ್ನಿನಿಂದ ಮೌಲ್‌ಟಾಶನ್. ಹಿಟ್ಟಿನ ಹಾಳೆಯೊಳಗೆ ಖೀಮಾ, ಪಾಲಕ್, ನೆನೆಸಿದ ಬ್ರೆಡ್ಡು, ಈರುಳ್ಳಿ, ಜಾಯಿಕಾಯಿ ತುಂಬಿದ ಕಡುಬು. ಉಪವಾಸದ ದಿನಗಳಲ್ಲಿ ಮೌಲ್‌ಬ್ರಾನ್ ಮಠದ ಸನ್ಯಾಸಿಗಳು ಮಾಂಸವನ್ನು ದೇವರ ಕಣ್ಣಿಗೆ ಬೀಳದಂತೆ ಹಿಟ್ಟಿನೊಳಗೆ ಬಚ್ಚಿಟ್ಟರು ಎಂದು ಅಲ್ಲಿನವರು ಕಥೆ ಹೇಳುತ್ತಾರೆ. ‘ದೇವರಿಗೆ ಟೋಪಿ ಹಾಕುವ ಪುಟಾಣಿ’ ಎಂಬರ್ಥದ ಅಡ್ಡಹೆಸರೂ ಇದೆ. 2009ರಿಂದ ಇದಕ್ಕೂ ಭೌಗೋಳಿಕ ಮಾನ್ಯತೆ ಇದೆ. ಸಾರಿನಲ್ಲಿ ತೇಲಿಸಿ ಕೊಡುವುದು ಒಂದು ಬಗೆ. ಹೋಳು ಮಾಡಿ ಮೊಟ್ಟೆಯ ಜೊತೆ ಹುರಿಯುವುದು ಇನ್ನೊಂದು. ಪುಟ್ಟ ತಟ್ಟೆಗೆ ಹುರಿದದ್ದೇ ವಾಸಿ, ಏಕೆಂದರೆ ಸಾರನ್ನು ಹಂಚುವುದು ಕಷ್ಟ.

ಬವೇರಿಯಾದಿಂದ ಒಬಾಟ್ಸ್‌ಡಾ. ಹಣ್ಣಾದ ಕ್ಯಾಮೊಂಬೇರ್ ಚೀಸನ್ನು ಬೆಣ್ಣೆ, ಕೆಂಪು ಪ್ಯಾಪ್ರಿಕಾ ಪುಡಿ ಹಾಕಿ ಫೋರ್ಕಿನಲ್ಲಿ ಹಿಸುಕಿದ್ದು. ಗಂಟು ಹಾಕಿದಂತಿರುವ ಬ್ರೆಡ್ಡಾದ ಬ್ರೆಟ್ಸೆಲ್ ಮುರಿದು ಅದ್ದಿ ತಿನ್ನಬೇಕು.

ಕಲೋನಿನಿಂದ ‘ಹಾಲ್ವೆ ಹಾನ್’. ಪದಕ್ಕೆ ಪದ ಇಟ್ಟರೆ ಅರ್ಧ ಹುಂಜ, ಬರುವುದು ಮಾತ್ರ ರೈ ಬನ್ನು ಮತ್ತು ದಪ್ಪ ಗೌಡಾ ಚೀಸಿನ ತುಂಡು. ಕೋಳಿ ತಿನ್ನದವರು ಹೆಸರು ಕೇಳಿ ಹೆದರಬೇಕಿಲ್ಲ.

ಫ್ರಾಂಕ್‌ಫರ್ಟಿನಿಂದ ಹಸಿರು ಸಾಸ್. ಪಾರ್ಸ್ಲಿ, ಚೈವ್ಸ್, ಚರ್ವಿಲ್, ಬೊರಾಜ್, ಕ್ರೆಸ್, ಬರ್ನೆಟ್, ಜೊತೆಗೆ ನಮ್ಮ ಚುಕ್ಕೆ ಸೊಪ್ಪಿನ ಬಳಗದ ಹುಳಿ ಸಾರೆಲ್, ಹೀಗೆ ಏಳೇ ಸೊಪ್ಪು. ಹಸಿಯಾಗಿಯೇ ಹೆಚ್ಚಿ ಹುಳಿ ಕೆನೆಯಲ್ಲಿ ಕಲಸುತ್ತಾರೆ. ಬೆಂದ ಆಲೂಗಡ್ಡೆ, ಮೊಟ್ಟೆಯ ಜೊತೆ ತಣ್ಣಗೆ ಬರುತ್ತದೆ. ಮಿಕ್ಸಿಗೆ ಹಾಕಿದರೆ ಬಣ್ಣ ಚೆಂದ, ರುಚಿ ಹುಲ್ಲು.

ಪೂರ್ವದಿಂದ ಕ್ಯೋನಿಗ್ಸ್‌ಬರ್ಗರ್ ಕ್ಲೋಪ್ಸೆ: ಕೇಪರ್ ಮೊಗ್ಗು ಹಾಕಿದ ಬಿಳಿ ಸಾಸಿನಲ್ಲಿ ಖೀಮಾ ಉಂಡೆ. ಹೆಸರಿನಲ್ಲಿರುವ ಊರು ಈಗ ರಷ್ಯಾದ ಕಲಿನಿನ್‌ಗ್ರಾದ್. ಊರಿನ ಹೆಸರೇ ಬದಲಾದರೂ ತಿಂಡಿ ಬರ್ಲಿನ್ನಿನ ಮನೆಮನೆಯಲ್ಲಿ ಉಳಿದುಕೊಂಡಿದೆ. ಉಂಡೆಯೊಳಗೆ ಆಂಚೊವಿ ಮೀನು ಸೇರಿರುತ್ತದೆ, ಗಮನಿಸಿ.

ಬರ್ಲಿನ್ನಿನದೇ ಬೇಕೆಂದರೆ ‘ಸೋಲೈ’, ಉಪ್ಪುನೀರಿನ ಮೊಟ್ಟೆ. ತಿನ್ನುವ ಕ್ರಮವೇ ಒಂದು ಕೆಲಸ: ಸಿಪ್ಪೆ ಬಿಡಿಸಿ ಉದ್ದಕ್ಕೆ ಎರಡು ಮಾಡಿ, ಹಳದಿಯನ್ನು ಒಡೆಯದೆ ತೆಗೆದಿಡಿ. ಗುಳಿಗೆ ಸಾಸಿವೆ, ಎರಡು ಹನಿ ವಿನೆಗರ್, ಎರಡು ಹನಿ ಎಣ್ಣೆ, ಮೆಣಸಿನ ಪುಡಿ. ಹಳದಿಯನ್ನು ಬೋರಲಾಗಿ ಮತ್ತೆ ಕೂರಿಸಿ ಅರ್ಧ ಮೊಟ್ಟೆಯನ್ನು ಒಂದೇ ತುತ್ತಿಗೆ ಬಾಯಿಗಿಡಿ. ಕಚ್ಚಿ ತಿನ್ನಲು ಹೋದರೆ ಅಂಗಿಯ ಮೇಲೆ ವಿನೆಗರ್.

ಹಾಂಡ್‌ಕೇಸೆ ವಾಸನೆ ತಡೆಯಲಾಗದು ಎನ್ನುತ್ತಾರೆ. ನಿಜವೆ?

ವಾಸನೆ ಗಟ್ಟಿಯೇ, ಆದರೆ ಬಾಯಿಗೆ ಬಂದಾಗ ಅಷ್ಟಿಲ್ಲ. ಹೆಸ್ಸೆನ್ನಿನ ಈ ಹುಳಿಹಾಲಿನ ಚೀಸಿನಲ್ಲಿ ಕೊಬ್ಬು ಬಹಳ ಕಡಿಮೆ. ವಿನೆಗರ್, ಎಣ್ಣೆ, ಹೆಚ್ಚಿದ ಈರುಳ್ಳಿಯಲ್ಲಿ ನೆನೆಸಿ ಕೊಟ್ಟರೆ ‘ಸಂಗೀತದ ಜೊತೆ’ ಎನ್ನುತ್ತಾರೆ. ಫೋರ್ಕ್ ಕೇಳಬೇಡಿ, ಚಾಕುವಿನಲ್ಲಿ ತುಂಡು ಮಾಡಿ, ಬೆಣ್ಣೆ ಸವರಿದ ಬ್ರೆಡ್ಡಿಗೇರಿಸಿ, ಕೈಯಲ್ಲಿ ತಿನ್ನುವುದು ಪದ್ಧತಿ. ನಡುವೆ ಬಿಳಿ ತಿರುಳು ಉಳಿದಿದ್ದರೆ ಎಳೆಯದು, ವಾಸನೆ ಕಡಿಮೆ. ಮೊದಲ ಸಲಕ್ಕೆ ಅದನ್ನೇ ಕೇಳಿ. ಮೇಲೆ ಉದುರಿಸಿರುವುದು ನಮ್ಮ ಜೀರಿಗೆಯಲ್ಲ, ಶಾಹಿ ಜೀರಿಗೆಗೆ ಹತ್ತಿರದ ಕ್ಯೂಮೆಲ್.

ನಾವು ಸಸ್ಯಾಹಾರಿಗಳು. ಹೋಗಬಹುದೆ?

ಧಾರಾಳವಾಗಿ. ಎಚ್ಚರ ಬೇಕಾಗಿರುವುದು ಮಾಂಸದ ತಟ್ಟೆಗಳಲ್ಲಲ್ಲ, ತರಕಾರಿಯಂತೆ ಕಾಣುವ ತಟ್ಟೆಗಳಲ್ಲಿ. ‘ಮಾಂಸ ಇದೆಯೇ’ ಎಂದು ಕೇಳಿದರೆ ಇಲ್ಲ ಎನ್ನುವವರಿಗೆ ಶ್ಪೆಕ್, ಶ್ಮಾಲ್ಟ್ಸ್, ಬ್ರ್ಯೂಹೆ ನೆನಪಿಗೇ ಬರುವುದಿಲ್ಲ. ಶ್ಪೆಕ್ ಎಂದರೆ ಹಂದಿಯ ಉಪ್ಪುಗೊಬ್ಬು, ಶ್ಮಾಲ್ಟ್ಸ್ ಎಂದರೆ ಕರಗಿಸಿದ ಕೊಬ್ಬು, ಬ್ರ್ಯೂಹೆ ಎಂದರೆ ಸಾರು, ಬಹುಪಾಲು ಮೂಳೆಯದು. ಎಲ್ಲೆಲ್ಲಿ ಅಡಗಿರುತ್ತವೆ ನೋಡಿ:

ಹುರಿದ ಆಲೂಗಡ್ಡೆಯಲ್ಲಿ ಶ್ಪೆಕ್. ಸೌರ್‌ಕ್ರೌಟಿನಲ್ಲಿ ಶ್ಪೆಕ್ ಅಥವಾ ಶ್ಮಾಲ್ಟ್ಸ್. ಕೆಂಪು ಕೋಸಿನಲ್ಲಿ ಬಾತುಕೋಳಿ ಜಾತಿಯ ಹೆಬ್ಬಾತಿನ ಕೊಬ್ಬು. ಶ್ವಾಬೆನ್ನಿನ ಬೇಳೆಯಲ್ಲಿ ಶ್ಪೆಕ್ ಜೊತೆ ಸಾಸೇಜ್. ದಕ್ಷಿಣದ ಆಲೂಗಡ್ಡೆ ಸಲಾಡಿನಲ್ಲಿ ಮಾಂಸದ ಸಾರು. ತೆಳು ರೊಟ್ಟಿಯಂಥ ಫ್ಲಾಮ್‌ಕೂಖನ್ ಮೇಲೆ ಶ್ಪೆಕ್. ಹಸಿರು ಗ್ರ್ಯೂನ್‌ಕೋಲ್ ಸೊಪ್ಪಂತೂ ಹಂದಿಯಿಲ್ಲದೆ ಬೇಯುವುದೇ ಅಪರೂಪ. ಕೆಲವು ಬ್ರೆಟ್ಸೆಲ್ ಹಿಟ್ಟಿಗೂ ಶ್ಮಾಲ್ಟ್ಸ್ ಬೀಳುತ್ತದೆ. ತರಕಾರಿ ಹೂರಣದ ಮೌಲ್‌ಟಾಶನ್ ಸಿಗುತ್ತದೆ, ಆದರೆ ಮಾಂಸದ ಸಾರಿನಲ್ಲಿ ತೇಲಿ ಬರಬಹುದು.

ಆದ್ದರಿಂದ ಸಾಮಾನಿನ ಹೆಸರು ಹಿಡಿದೇ ಕೇಳಿ: ‘ಇಸ್ಟ್ ದಾ ಶ್ಪೆಕ್ ಡ್ರಿನ್?’ ‘ಇಸ್ಟ್ ಡೀ ಬ್ರ್ಯೂಹೆ ವೆಗೆಟಾರಿಶ್?’ ಅಂದರೆ ‘ಇದರಲ್ಲಿ ಶ್ಪೆಕ್ ಇದೆಯೇ?’ ‘ಸಾರು ಸಸ್ಯಾಹಾರಿಯೇ?’

ಇನ್ನೊಂದು ವಿಷಯ. ಜರ್ಮನಿಯಲ್ಲಿ ‘ವೆಗೆಟಾರಿಶ್’ ಎಂದರೆ ಮೊಟ್ಟೆ ಸೇರಿದ್ದೇ. ದಪ್ಪ ಶಾವಿಗೆಯಂಥ ಶ್ಪೆಟ್ಸ್ಲೆಯಲ್ಲಿ, ಬ್ರೆಡ್ಡಿನ ಕ್ನ್ಯೋಡೆಲ್ಲಿನಲ್ಲಿ, ಹೆಚ್ಚಿನ ರೈಬೆಕೂಖನ್ನಿನಲ್ಲಿ ಮೊಟ್ಟೆ ಇರುತ್ತದೆ. ಉತ್ತರದ ಆಲೂಗಡ್ಡೆ ಸಲಾಡಿನ ಮಯೋನೇಸಿನಲ್ಲೂ. ‘ಓನೆ ಐ’ ಎಂದರೆ ಮೊಟ್ಟೆ ಇಲ್ಲದೆ. ಮೊಟ್ಟೆಯನ್ನೂ ಬಿಡುವವರಿಗೆ ನೆಮ್ಮದಿಯ ತಟ್ಟೆಗಳು: ಒಬಾಟ್ಸ್‌ಡಾ, ಹಾಂಡ್‌ಕೇಸೆ, ಶ್ಪೆಕ್ ಇಲ್ಲದ ಫ್ಲಾಮ್‌ಕೂಖನ್, ಮತ್ತು ಎಲ್ಲಕ್ಕಿಂತ ಮುಂಚೆ ‘ಪೆಲ್‌ಕಾರ್ಟೋಫೆಲ್ನ್ ಮಿಟ್ ಕ್ವಾರ್ಕ್ ಉಂಡ್ ಲೈನ್‌ಓಲ್’. ಶ್ಪ್ರೀವಾಲ್ಡ್ ಕಡೆಯ ಬಡವರ ಊಟ ಇದು: ಸಿಪ್ಪೆಸಮೇತ ಬೇಯಿಸಿದ ಆಲೂಗಡ್ಡೆ, ಕಟ್ಟಿದ ಮೊಸರಿನಂಥ ಕ್ವಾರ್ಕ್, ಮೇಲೆ ಹಳದಿ ಅಗಸೆ ಎಣ್ಣೆ. ಅಗಸಿ ಚಟ್ನಿ ಉಂಡು ಬೆಳೆದ ಉತ್ತರ ಕರ್ನಾಟಕದವರಿಗೆ ಈ ಎಣ್ಣೆಯ ಘಮ ಪರಿಚಿತವೇ. ತಾಜಾ ಇದ್ದರೆ ಒಣಹುಲ್ಲು, ಬಾದಾಮಿಯ ಪರಿಮಳ, ಹಳೆಯದಾದರೆ ಕಹಿ. ಕಹಿ ಬಂದರೆ ತಟ್ಟೆ ವಾಪಸ್ ಕೊಡುವುದು ತಪ್ಪಲ್ಲ.

ಚೀಸಿಗೆ ಹಾಲು ಒಡೆಸಲು ಹಾಕುವ, ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬೇಡ ಎನ್ನುವವರಿಗೆ: ಹಾಂಡ್‌ಕೇಸೆಯ ಹಾಲನ್ನು ಒಡೆಸುವುದು ಹುಳಿ, ರೆನೆಟ್ ಅಲ್ಲ. ಪರ್ವತದ ಚೀಸುಗಳಲ್ಲಿ ಕರುವಿನ ರೆನೆಟ್ ಸಾಮಾನ್ಯ.

ಹಂದಿ, ದನ, ಮದ್ಯ ಬಿಟ್ಟವರು?

ಹಂದಿ ‘ಶ್ವೈನ್’, ದನ ‘ರಿಂಡ್’, ಕರು ‘ಕಾಲ್ಬ್’. ಖೀಮಾ ಎಂದು ಮಾತ್ರ ಬರೆದಿದ್ದರೆ ಹಂದಿ, ದನ ಎರಡೂ ಬೆರೆತಿರುವ ಸಂಭವ ಹೆಚ್ಚು. ‘ಮೆಟ್’ ಎಂದರೆ ಹಸಿ ಹಂದಿ ಖೀಮಾ, ಬೇಯಿಸದೆಯೇ ಬ್ರೆಡ್ಡಿನ ಮೇಲೆ ಬರುತ್ತದೆ. ಸಾಸುಗಳಲ್ಲಿ ವೈನ್, ಬಿಯರ್ ಇರುವುದು ಮಾಮೂಲು. ‘ಆಲ್ಕೊಹೋಲ್‌ಫ್ರೈ’ ಬಿಯರಿನಲ್ಲೂ 0.5 ಶೇಕಡಾದವರೆಗೆ ಮದ್ಯ ಇರಬಹುದು. ಪೂರ್ತಿ ಬೇಡವಾದರೆ ಸೀಸೆಯ ಮೇಲೆ 0,0 ಇದೆಯೇ ನೋಡಿ.

ಮೆನುವಿನಲ್ಲಿ ಹೆಸರಿನ ಪಕ್ಕ ಸಣ್ಣ ಅಕ್ಷರ, ಅಂಕಿಗಳಿವೆ. ಏನವು?

ಅಲರ್ಜಿಯ ಮತ್ತು ಬಣ್ಣ, ಸಂರಕ್ಷಕದಂಥ ಸೇರ್ಪಡೆಗಳ ಗುರುತುಗಳು. ಐರೋಪ್ಯ ಒಕ್ಕೂಟದ ಕಾನೂನಿನಂತೆ 14 ಸಾಮಾನುಗಳನ್ನು ತಿಳಿಸಲೇಬೇಕು: ಗೋಧಿಯಂಥ ಗ್ಲೂಟನ್ ಧಾನ್ಯ, ಮೊಟ್ಟೆ, ಹಾಲು, ಮೀನು, ಸಾಸಿವೆ, ಸೆಲರಿ, ಎಳ್ಳು ಇತ್ಯಾದಿ. ಯಾವ ಅಕ್ಷರಕ್ಕೆ ಏನು ಎಂಬುದು ಒಂದೊಂದು ಹೋಟೆಲಿನಲ್ಲಿ ಒಂದೊಂದು ಥರ, ಕೊನೆಯ ಪುಟದ ಪಟ್ಟಿ ನೋಡಿ. ಮೊಟ್ಟೆ ಇದೆಯೇ ಎಂದು ತಿಳಿಯಲು ಸಸ್ಯಾಹಾರಿಗಳಿಗೂ ಇದು ಉಪಯೋಗಕ್ಕೆ ಬರುತ್ತದೆ. ಶ್ಪೆಕ್ ಮಾತ್ರ ಈ ಪಟ್ಟಿಯಲ್ಲಿ ಸಿಗುವುದಿಲ್ಲ.

ಯಾವ ಕಾಲದಲ್ಲಿ ಹೋದರೆ ಒಳ್ಳೆಯದು?

ಏಪ್ರಿಲ್ ನಡುವಿನಿಂದ ಜೂನ್ 24ರವರೆಗೆ ಬಿಳಿ ಆಸ್ಪರಾಗಸ್. ಆ ದಿನ ಸಂತ ಯೋಹಾನನ ಹಬ್ಬ. ಅದಾದ ಮೇಲೆ ಗಿಡಕ್ಕೆ ಮುಂದಿನ ವರ್ಷದ ಶಕ್ತಿ ಉಳಿಯಲೆಂದು ಕೀಳುವುದನ್ನು ನಿಲ್ಲಿಸುತ್ತಾರೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಈರುಳ್ಳಿಯ ಕೇಕು ಮತ್ತು ಕಾಡು ಅಣಬೆ. ಚಳಿಗಾಲದಲ್ಲಿ ಗ್ರ್ಯೂನ್‌ಕೋಲ್. ಆಗಸ್ಟಿನಲ್ಲಿ ಹೋದರೆ ತಣ್ಣನೆಯ ತಟ್ಟೆಗಳ ಮೇಲೆ ಗಮನ ಇಡಿ.

ಟೇಬಲ್, ನೀರು, ಬಿಲ್ಲು, ಟಿಪ್ಸ್?

ಶುಕ್ರವಾರ, ಶನಿವಾರಕ್ಕೆ ಮೊದಲೇ ಕಾದಿರಿಸಿ. ಬಹಳ ಕಡೆ ವಾರಕ್ಕೊಂದು ದಿನ ರಜೆ, ಹೆಚ್ಚಾಗಿ ಸೋಮವಾರ. ಬಾಗಿಲು ಮಧ್ಯರಾತ್ರಿವರೆಗೆ ತೆರೆದಿದ್ದರೂ ಒಲೆ ಒಂಬತ್ತೂವರೆ, ಹತ್ತಕ್ಕೆ ಆರುತ್ತದೆ; ‘ಕ್ಯೂಶನ್‌ಶ್ಲುಸ್’ ಎಷ್ಟಕ್ಕೆ ಎಂದು ಕೇಳಿಕೊಳ್ಳಿ.

ನೀರು ಪುಕ್ಕಟೆ ಬರುವುದಿಲ್ಲ. ‘ವಾಸರ್’ ಎಂದರೆ ಗ್ಯಾಸ್ ನೀರೇ ಬರುವ ಸಂಭವ ಹೆಚ್ಚು, ಸಾದಾ ಬೇಕಿದ್ದರೆ ‘ಶ್ಟಿಲ್’ ಎನ್ನಿ. ಮೇಜಿನ ಮೇಲೆ ಮೊದಲೇ ಇಟ್ಟ ಬ್ರೆಟ್ಸೆಲ್ಲಿಗೂ ಬವೇರಿಯಾದ ಕಡೆ ತಿಂದಷ್ಟಕ್ಕೆ ಲೆಕ್ಕ ಹಾಕುತ್ತಾರೆ.

ಕಾರ್ಡು ನಡೆಯುತ್ತದೆಯೇ ಎಂದು ಕೂರುವ ಮೊದಲೇ ಕೇಳಿ. ನಗದು ಮಾತ್ರ ತೆಗೆದುಕೊಳ್ಳುವ, ಅಥವಾ ಜರ್ಮನ್ ಬ್ಯಾಂಕಿನ ಕಾರ್ಡು ಮಾತ್ರ ಒಪ್ಪುವ ಜಾಗಗಳು ಈಗಲೂ ಇವೆ. ಬಿಲ್ಲು ಕೇಳಿದಾಗ ‘ಒಟ್ಟಿಗೋ, ಬೇರೆ ಬೇರೆಯೋ’ ಎನ್ನುತ್ತಾರೆ. ಹಂಚಿ ತಿಂದ ಮೇಲೆ ‘ತ್ಸುಸಾಮೆನ್’, ಒಟ್ಟಿಗೆ, ಎಂದುಬಿಡಿ. ಟಿಪ್ಸು 5ರಿಂದ 10 ಶೇಕಡಾ. ಮೇಜಿನ ಮೇಲೆ ಬಿಟ್ಟುಹೋಗುವ ರೂಢಿ ಇಲ್ಲ. 46 ಯೂರೋ ಆಗಿದ್ದರೆ ಹಣ ಕೊಡುವಾಗಲೇ ‘ಐವತ್ತು’ ಎಂದು ಬಾಯಿಬಿಟ್ಟು ಹೇಳಬೇಕು.

ಮಕ್ಕಳಿಗೆ?

‘ರಾಯ್ಬರ್‌ಟೆಲರ್’ ಕೇಳಿ, ಅಂದರೆ ಕಳ್ಳರ ತಟ್ಟೆ. ಖಾಲಿ ತಟ್ಟೆ, ಚಮಚ ತಂದಿಡುತ್ತಾರೆ. ಅಪ್ಪ ಅಮ್ಮನ ತಟ್ಟೆಯಿಂದ ಮಗು ಕದ್ದು ತಿನ್ನಲೆಂದು. ಇದಕ್ಕೆ ದುಡ್ಡಿಲ್ಲ. ರೈಬೆಕೂಖನ್ ಜೊತೆ ಸೇಬಿನ ಗೊಜ್ಜು ಕೊಟ್ಟರೆ ಬೇಡ ಎನ್ನುವ ಮಗು ಕಡಿಮೆ.

ಊಟದ ಕೊನೆಗೆ ಚಹಾ ಸಿಗುತ್ತದೆಯೆ?

‘ಓಸ್ಟ್‌ಫ್ರೀಸನ್‌ಟೇ’ ಇದ್ದರೆ ಬಿಡಬೇಡಿ. ಅಸ್ಸಾಮಿನ ಎಲೆಯೇ ಹೆಚ್ಚಿರುವ ಗಟ್ಟಿ ಚಹಾ. ಕಪ್ಪಿನ ತಳಕ್ಕೆ ಕಲ್ಲುಸಕ್ಕರೆಯ ದಪ್ಪ ತುಂಡು, ಮೇಲೆ ಬಿಸಿ ಚಹಾ. ಸಕ್ಕರೆ ಚಟಚಟ ಸೀಳುವ ಸದ್ದು ಕೇಳಬೇಕು. ಕೆನೆಯನ್ನು ಅಂಚಿನಿಂದ ಬಿಡುತ್ತಾರೆ, ಅದು ತಳಕ್ಕಿಳಿದು ಮೋಡದಂತೆ ಮೇಲೇಳುತ್ತದೆ. ಕದಡಬೇಡಿ: ಮೊದಲ ಗುಟುಕು ಕೆನೆ, ನಡುವೆ ಕಹಿ, ಕೊನೆಗೆ ಸಿಹಿ. ಮೂರು ಕಪ್ಪು ರೂಢಿ. ಸಾಕೆಂದರೆ ಚಮಚವನ್ನು ಕಪ್ಪಿನೊಳಗಿಡಿ, ಇಲ್ಲವಾದರೆ ತುಂಬುತ್ತಲೇ ಇರುತ್ತಾರೆ. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟ ಫರ್ಡಿನಾಂಡ್ ಕಿಟೆಲ್ ಹುಟ್ಟಿದ್ದು ಈ ಚಹಾದ ಸೀಮೆಯಾದ ಓಸ್ಟ್‌ಫ್ರೀಸ್‌ಲಾಂಡಿನಲ್ಲೇ, 1832ರಲ್ಲಿ. ತೀರಿಕೊಂಡದ್ದು 1903ರಲ್ಲಿ, ಮೌಲ್‌ಟಾಶನ್ ಸೀಮೆಯ ಟ್ಯೂಬಿಂಗನ್ನಿನಲ್ಲಿ.

ಊರಿಗೆ ಬಂದ ಮೇಲೆ ಮನೆಯಲ್ಲಿ ಮಾಡಬಹುದಾದದ್ದು ಯಾವುದು?

ಚೀಸ್ ಹಾಕಿದ ಕೇಸೆಶ್ಪೆಟ್ಸ್ಲೆ. ನಾಲ್ವರಿಗೆ 300 ಗ್ರಾಂ ಮೈದಾ, 100 ಗ್ರಾಂ ಚಿರೋಟಿ ರವೆ, 4 ಮೊಟ್ಟೆ, ಒಂದು ಚಮಚ ಉಪ್ಪು, ಸುಮಾರು 150 ಮಿಲಿಲೀಟರ್ ನೀರು. ಬರೀ ಮೈದಾ ಆದರೆ ಅಂಟಂಟಾಗುತ್ತದೆ, ರವೆ ಅದಕ್ಕೆ ಕಚ್ಚು ಕೊಡುತ್ತದೆ. ಮರದ ಸೌಟಿನಲ್ಲಿ ಗುಳ್ಳೆ ಏಳುವವರೆಗೆ ಬಡಿದು 20 ನಿಮಿಷ ಬಿಡಿ. ಸೌಟೆತ್ತಿದರೆ ಹಿಟ್ಟು ಕಡಿಯದೆ ನಿಧಾನವಾಗಿ ಜಾರಬೇಕು, ಇಡ್ಲಿ ಹಿಟ್ಟಿಗಿಂತ ಗಟ್ಟಿ, ಚಪಾತಿ ಹಿಟ್ಟಿಗಿಂತ ಬಹಳ ಸಡಿಲ.

ಶ್ಪೆಟ್ಸ್ಲೆ ಒತ್ತುವ ಸಾಧನ ನಮ್ಮ ಚಕ್ಕುಲಿ ಒರಳಿನ ಅಣ್ಣತಮ್ಮ. ದಪ್ಪ ಖಾರಸೇವೆಯ ಅಚ್ಚು ಹಾಕಿ, ಕುದಿಯುವ ಉಪ್ಪುನೀರಿಗೆ ಒತ್ತಿ. ತೇಲಿದ ಅರ್ಧ ನಿಮಿಷಕ್ಕೆ ಜಾಲರಿಯಲ್ಲಿ ತೆಗೆಯಿರಿ. ನೀರಿನಲ್ಲಿ ಚೂರುಚೂರಾಗಿ ಕದಡಿದರೆ ಹಿಟ್ಟು ನೀರಾಗಿದೆ, ಎರಡು ಚಮಚ ಮೈದಾ ಸೇರಿಸಿ. ಒತ್ತಲು ಕೈ ನೋಯುವಷ್ಟು ಗಟ್ಟಿಯಿದ್ದರೆ ಬೆಂದ ಮೇಲೂ ರಬ್ಬರಾಗಿರುತ್ತದೆ. ಒಂದೇ ಸಲ ಎಲ್ಲ ಒತ್ತಬೇಡಿ. ನೀರಿನ ಕುದಿ ನಿಂತರೆ ಮುದ್ದೆಯಾಗುತ್ತದೆ.

ಬಿಸಿ ಪಾತ್ರೆಯಲ್ಲಿ ಒಂದು ಪದರ ಶ್ಪೆಟ್ಸ್ಲೆ, ಒಂದು ಪದರ ತುರಿದ ಚೀಸ್, ಹೀಗೆ 250 ಗ್ರಾಂ ಎಮೆಂಟಾಲ್ ಅಥವಾ ಗೌಡಾ ಮುಗಿಸಿ, ಬೇಯಿಸಿದ ನೀರು ಎರಡು ಚಮಚ ಚಿಮುಕಿಸಿ ಮುಚ್ಚಿ. ಡಬ್ಬಿಯ ಪ್ರೊಸೆಸ್ಡ್ ಚೀಸ್ ಇಲ್ಲಿ ನಡೆಯದು, ಎಳೆ ಬರುವುದಿಲ್ಲ. ಮೇಲಿನ ಈರುಳ್ಳಿಯನ್ನು ಬೆಣ್ಣೆಯಲ್ಲಿ ಸಣ್ಣ ಉರಿಯಲ್ಲಿ 20 ನಿಮಿಷ ಬಾಡಿಸಬೇಕು. ಬಿರಿಯಾನಿಗೆ ಕರಿದಿಟ್ಟ ಈರುಳ್ಳಿ ಹಾಕಿದರೆ ಸಿಹಿ ಬರದೆ ಬರೀ ಗರಿಗರಿಯಾಗುತ್ತದೆ. ಒಲೆಯಿಂದ ಇಳಿಸಿದ ಕೂಡಲೇ ಬಡಿಸಿ, ಹತ್ತು ನಿಮಿಷ ಕಳೆದರೆ ಚೀಸು ಬಿಗಿದುಕೊಳ್ಳುತ್ತದೆ.